ಅಡಾ ಹೆಗರ್‌ಬರ್ಗ್ ತಂಡ ಬಿಟ್ಟದ್ದು ಹಣಕ್ಕಾಗಿಯೇ? ಮನೆಯ ಗುಂಪಿನಲ್ಲಿ ನಡೆದ ವಾದ

ದೊಡ್ಡಪ್ಪ: ಮೇಲೆ ಹಾಕಿರುವ ಬರಹವನ್ನು ಎಲ್ಲರೂ ಓದಿ. ನಾರ್ವೆಯ ಅಡಾ ಹೆಗರ್‌ಬರ್ಗ್ ಎಂಬ ಫುಟ್‌ಬಾಲ್ ಆಟಗಾರ್ತಿ ಸಮಾನ ವೇತನ ಕೊಡುವವರೆಗೂ ದೇಶಕ್ಕಾಗಿ ಆಡುವುದಿಲ್ಲವೆಂದು ಹಠ ಹಿಡಿದು, ಅದು ಈಡೇರಿದ ಮೇಲೆಯೇ ತಂಡಕ್ಕೆ ಮರಳಿದರಂತೆ. ದೇಶದ ಜೆರ್ಸಿ ತೊಡುವುದಕ್ಕೂ ಹಣದ ಷರತ್ತು ಹಾಕುವುದನ್ನು ನಾನು ಒಪ್ಪಲಾರೆ.

ನಾನು: ದೊಡ್ಡಪ್ಪ, ಆ ಬರಹದಲ್ಲಿ ವರ್ಷಗಳೇ ತಾಳೆಯಾಗುವುದಿಲ್ಲ. ಅವರು ರಾಷ್ಟ್ರೀಯ ತಂಡದಿಂದ ಹಿಂದೆ ಸರಿದದ್ದು 2017ರ ಆಗಸ್ಟ್‌ನಲ್ಲಿ. ಪುರುಷರ ತಂಡವು ತನ್ನ ವಾಣಿಜ್ಯ ಆದಾಯದಲ್ಲಿ 5.5 ಲಕ್ಷ ಕ್ರೋನರ್ (ನಾರ್ವೆಯ ಹಣ) ಬಿಟ್ಟುಕೊಟ್ಟು ಮಹಿಳೆಯರಿಗೂ ಸಮಾನ ಸಂಭಾವನೆ ಸಿಗುವಂತೆ ಮಾಡಿದ ಒಪ್ಪಂದ ಪ್ರಕಟವಾದದ್ದು ಅದೇ ವರ್ಷದ ಅಕ್ಟೋಬರ್‌ನಲ್ಲಿ. ಹಣವೇ ಕಾರಣವಾಗಿದ್ದರೆ ಎರಡೇ ತಿಂಗಳಲ್ಲಿ ಮರಳಬಹುದಿತ್ತಲ್ಲವೇ? ಅವರು ಮರಳಿದ್ದು 2022ರಲ್ಲಿ. ಆಟಗಾರ್ತಿಯರ ತಯಾರಿಗೆ, ತರಬೇತಿಯ ಗುಣಮಟ್ಟಕ್ಕೆ, ಒಟ್ಟಾರೆ ಮಹಿಳಾ ಫುಟ್‌ಬಾಲಿಗೆ ಸಲ್ಲಬೇಕಾದ ಗೌರವ ಸಲ್ಲುತ್ತಿಲ್ಲ ಎಂಬುದು ಅವರ ದೂರಾಗಿತ್ತು. ರಾಷ್ಟ್ರೀಯ ಶಿಬಿರಗಳಿಂದ ಮಾನಸಿಕವಾಗಿ ಕುಗ್ಗಿಹೋಗಿದ್ದೆನೆಂದು 2019ರಲ್ಲಿ ಅವರೇ ಹೇಳಿಕೊಂಡಿದ್ದಾರೆ.

ಭಾವ: ಇನ್ನೊಂದು ಮಾತನ್ನೂ ಗಮನಿಸಬೇಕು. 2017ರಲ್ಲಿ ಯುರೋಪಿನ ದೇಶಗಳ ನಡುವೆ ನಡೆದ ಯುರೋ ಕಪ್‌ನಲ್ಲಿ ನಾರ್ವೆ ಮೂರು ಪಂದ್ಯಗಳನ್ನೂ ಒಂದೇ ಒಂದು ಗೋಲು ಹೊಡೆಯದೆ ಸೋತಿತ್ತು, ಆ ತಂಡದ ಮುಂಚೂಣಿಯಲ್ಲಿ ಇದ್ದವರು ಇವರೇ. ಇವರಿಲ್ಲದ ತಂಡ 2019ರ ವಿಶ್ವಕಪ್‌ನಲ್ಲಿ ಕ್ವಾರ್ಟರ್ ಫೈನಲ್ ತಲುಪಿತು. ಅದೇ ಸೌಲಭ್ಯಗಳಲ್ಲಿ ಉಳಿದು ಆಡಿದವರ ಬಗ್ಗೆ ಯಾರೂ ಬರೆಯುವುದಿಲ್ಲ.

ನಾನು: ಉಳಿದವರ ಶ್ರಮ ದೊಡ್ಡದೆಂಬುದನ್ನು ನಾನೂ ಒಪ್ಪುತ್ತೇನೆ, ಭಾವ. ಆದರೆ ಹೊರಗುಳಿದವರು ಕಳೆದುಕೊಂಡದ್ದನ್ನೂ ನೋಡಿ. 2018ರ ಡಿಸೆಂಬರ್‌ನಲ್ಲಿ ಮಹಿಳೆಯರಿಗಾಗಿ ಮೊದಲ ಬಾರಿಗೆ ಕೊಟ್ಟ ಬ್ಯಾಲನ್ ಡಿ'ಓರ್ (ವರ್ಷದ ಶ್ರೇಷ್ಠ ಫುಟ್‌ಬಾಲ್ ಆಟಗಾರರಿಗೆ ಸಲ್ಲುವ) ಪ್ರಶಸ್ತಿ ಇವರಿಗೆ ಬಂತು, ಆಗ ಅವರಿಗೆ 23 ವರ್ಷ. ಆ ವೇದಿಕೆಯಲ್ಲೇ ನಿರೂಪಕರು ಸೊಂಟ ಕುಲುಕಿಸಿ ಕುಣಿಯಲು ಬರುತ್ತದೆಯೇ ಎಂದು ಕೇಳಿದರು, ಇವರು ಇಲ್ಲವೆಂದರು. ಅವರ ದೂರು ಎಂಥದ್ದೆಂದು ಅರಿಯಲು ನನಗೆ ಆ ಒಂದು ಪ್ರಶ್ನೆಯೇ ಸಾಕು. ಮುಂದಿನ ಮೇ ತಿಂಗಳಲ್ಲಿ ಬುಡಾಪೆಸ್ಟ್‌ನಲ್ಲಿ ನಡೆದ, ಯುರೋಪಿನ ಕ್ಲಬ್ಬುಗಳ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಬಾರ್ಸಿಲೋನಾ ವಿರುದ್ಧ 16 ನಿಮಿಷಗಳಲ್ಲಿ ಹ್ಯಾಟ್ರಿಕ್ ಹೊಡೆದರು. ಮೂರು ವಾರ ಕಳೆಯುವುದರೊಳಗೆ ಫ್ರಾನ್ಸ್‌ನಲ್ಲಿ ವಿಶ್ವಕಪ್ ಶುರುವಾಯಿತು, ಅದರ ಫೈನಲ್ ನಡೆದದ್ದು ಇವರ ಕ್ಲಬ್ಬಿನ ಊರಾದ ಲಿಯಾನ್‌ನಲ್ಲೇ. ಆಟದ ಉತ್ತುಂಗದಲ್ಲಿದ್ದವರು, ಅದೂ ತಮ್ಮ ಊರಿನ ಬಾಗಿಲಿಗೇ ಬಂದ ವಿಶ್ವಕಪ್ಪನ್ನು ಬಿಟ್ಟುಕೊಟ್ಟದ್ದನ್ನು ದುರಾಸೆಯೆಂದು ಕರೆಯುವುದು ನ್ಯಾಯವಲ್ಲ.

ಅತ್ತೆ: ಆಮೇಲೆ ಮೊಣಕಾಲಿನ ಗಾಯವೂ ಆಯಿತಲ್ಲವೇ?

ನಾನು: ಹೌದು ಅತ್ತೆ. 2020ರ ಜನವರಿಯಲ್ಲಿ ಮೊಣಕಾಲಿನ ಲಿಗಮೆಂಟ್ ಹರಿಯಿತು, ಆಮೇಲೆ ಕಾಲಿನ ಮೂಳೆಯಲ್ಲಿ ಬಿರುಕು ಬಿಟ್ಟಿತು. ಮತ್ತೆ ಮೈದಾನಕ್ಕಿಳಿದದ್ದು 2021ರ ಅಕ್ಟೋಬರ್‌ನಲ್ಲಿ.

ದೊಡ್ಡಪ್ಪ: ದಿನಾಂಕಗಳ ವಿಷಯದಲ್ಲಿ ನೀನು ಹೇಳಿದ್ದು ಸರಿ, ಆ ಬರಹವನ್ನು ಅಳಿಸುತ್ತೇನೆ. ಆದರೂ ನನ್ನ ಪ್ರಶ್ನೆ ಉಳಿಯುತ್ತದೆ: 2022ರಲ್ಲಿ ಮರಳಿದಾಗಲೂ ತರಬೇತುದಾರರು 2017ರಲ್ಲಿದ್ದ ಮಾರ್ಟಿನ್ ಶೋಗ್ರೆನ್ ಅವರೇ. ಹಾಗಿದ್ದರೆ ಬದಲಾದದ್ದೇನು?

ನಾನು: ಬದಲಾದದ್ದು ಒಕ್ಕೂಟದ ನಾಯಕತ್ವ, ದೊಡ್ಡಪ್ಪ. ಸ್ವತಃ ರಾಷ್ಟ್ರೀಯ ತಂಡಕ್ಕೆ ಆಡಿದ್ದ ಲಿಸೆ ಕ್ಲಾವೆನೆಸ್ 2022ರ ಮಾರ್ಚ್‌ನಲ್ಲಿ ನಾರ್ವೆ ಫುಟ್‌ಬಾಲ್ ಒಕ್ಕೂಟದ ಮೊದಲ ಮಹಿಳಾ ಅಧ್ಯಕ್ಷರಾದರು, ಹೆಗರ್‌ಬರ್ಗ್ ಮರಳುವ ಸುದ್ದಿ ಬಂದದ್ದೂ ಅದೇ ತಿಂಗಳಲ್ಲಿ. ಮರಳಿದ ಮೊದಲ ಪಂದ್ಯದಲ್ಲೇ ಕೊಸೊವೊ ವಿರುದ್ಧ ಮೂರು ಗೋಲು ಹೊಡೆದರು.

ಭಾವ: ಆ ಬೇಸಿಗೆಯಲ್ಲೇ ಯುರೋ ಕಪ್‌ನಲ್ಲಿ ಇಂಗ್ಲೆಂಡ್ ನಾರ್ವೆಯನ್ನು 8-0ಯಿಂದ ಸೋಲಿಸಿದ್ದನ್ನೂ ಸೇರಿಸು.

ನಾನು: ಸೇರಿಸುತ್ತೇನೆ. 2025ರ ಯುರೋ ಕಪ್ ಕ್ವಾರ್ಟರ್ ಫೈನಲ್‌ನಲ್ಲಿ ನಾಯಕಿಯಾಗಿ ಇಟಲಿಯ ವಿರುದ್ಧ ಪೆನಾಲ್ಟಿಯನ್ನು ಗೋಲಾಗಿಸಲಾಗದೆ, ಕೆಲವೇ ನಿಮಿಷಗಳಲ್ಲಿ ತಾವೇ ಸಮಬಲದ ಗೋಲು ಹೊಡೆದು, ಕೊನೆಗೆ 2-1ರಿಂದ ಸೋತದ್ದನ್ನೂ ಸೇರಿಸುತ್ತೇನೆ. ದೇಶಕ್ಕಾಗಿ ಅವರು ಗೆದ್ದದ್ದು ಕಡಿಮೆಯೆಂದು ಹೇಳುವುದಾದರೆ ವಾದಿಸೋಣ; ದೇಶವನ್ನು ಹಣಕ್ಕೆ ಮಾರಿದರೆಂಬ ಮಾತನ್ನು ಮಾತ್ರ ಈ ಗುಂಪಿನಿಂದ ಮುಂದೆ ಯಾರೂ ಕಳುಹಿಸುವುದು ಬೇಡ.