ಅರ್ಧ ಬಕೆಟ್ ಸುಡುಸುಡು ಕಾಯಿಸಿ ತಣ್ಣೀರು ಬೆರೆಸಿದರೆ ಕರೆಂಟು ಉಳಿಯುತ್ತಾ?

ಪ್ರಶ್ನೆ: ಜಲನಗರದ ರೂಮಿನವ, ವಿಜಯಪುರ

ನಾವು ಮೂವರು ಹುಡುಗರು ಒಂದು ಬಾಡಿಗೆ ರೂಮಿನಲ್ಲಿದ್ದೇವೆ. ಈಗ ಇಲ್ಲಿ ಬೆಳಗಿನ ಚಳಿ ವಿಪರೀತ. ಸ್ನಾನಕ್ಕೆ ಇರುವುದು 1500 ವ್ಯಾಟ್‌ನ ಒಂದು ಕಾಯಿಲ್ ರಾಡ್, 20 ಲೀಟರ್ ಬಕೆಟ್. ಕರೆಂಟಿನ ದುಡ್ಡು ನಾವೇ ಹಂಚಿಕೊಂಡು ಕಟ್ಟಬೇಕು.

ಒಬ್ಬ ಗೆಳೆಯ ಹೇಳುತ್ತಾನೆ: ಅರ್ಧ ಬಕೆಟ್ ಮಾತ್ರ ಸುಡುಸುಡು ಕಾಯಿಸಿ, ಮೇಲೆ ನಲ್ಲಿ ನೀರು ತುಂಬಿಸೋಣ, ಅರ್ಧ ಕರೆಂಟು ಉಳಿಯುತ್ತದೆ ಅಂತ. ಪೂರ್ತಿ ಬಕೆಟ್ ಬೆಚ್ಚಗೆ ಮಾಡಿದರೂ ಅಷ್ಟೇ ಅಲ್ವಾ ಅನ್ನುವುದು ನನ್ನ ವಾದ. ಸೂತ್ರ ಬಾಯಿಪಾಠ ಇದೆ, ಆದರೆ ಮಾತಿನಲ್ಲಿ ಅವನನ್ನು ಒಪ್ಪಿಸಲು ಆಗುತ್ತಿಲ್ಲ. ಯಾರಾದರೂ ಬಕೆಟ್ಟಿನ ಲೆಕ್ಕದಲ್ಲೇ ತೋರಿಸಿ.

ಉತ್ತರ: ನಿವೃತ್ತ ವಿಜ್ಞಾನ ಮಾಸ್ತರ, ನವನಗರ, ಬಾಗಲಕೋಟೆ

ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ಇದೇ ಲೆಕ್ಕವನ್ನು ನಾನು ತರಗತಿಯಲ್ಲಿ ಬಕೆಟ್ ಇಟ್ಟುಕೊಂಡೇ ಹೇಳುತ್ತಿದ್ದೆ.

ಒಂದು ಕಿಲೋ ನೀರಿನ ತಾಪ ಒಂದು ಡಿಗ್ರಿ ಏರಬೇಕಾದರೆ ಸುಮಾರು 4.2 ಕಿಲೋಜೂಲ್ ಉಷ್ಣ ಬೇಕು. ಒಂದು ಲೀಟರ್ ನೀರು ಹೆಚ್ಚುಕಡಿಮೆ ಒಂದು ಕಿಲೋ. ನಿಮ್ಮ ನಲ್ಲಿ ನೀರು 20 ಡಿಗ್ರಿ ಇದೆ, ಸ್ನಾನಕ್ಕೆ 45 ಡಿಗ್ರಿ ಬೇಕು ಅಂತ ಇಟ್ಟುಕೊಳ್ಳೋಣ.

ನಿಮ್ಮ ದಾರಿ: 20 ಕಿಲೋ ನೀರು, 25 ಡಿಗ್ರಿ ಏರಿಕೆ. 20 × 4.2 × 25 = 2100 ಕಿಲೋಜೂಲ್.

ಗೆಳೆಯನ ದಾರಿ: 10 ಕಿಲೋ ನೀರು ಕಾಯಿಸುತ್ತಾನೆ, 10 ಕಿಲೋ ತಣ್ಣೀರು ಬೆರೆಸುತ್ತಾನೆ. ಸಮಪಾಲು ಬೆರೆಸಿದರೆ ತಾಪ ಎರಡರ ಸರಿ ನಡುವೆ ನಿಲ್ಲುತ್ತದೆ, ಹಾಗಾಗಿ 20 ಡಿಗ್ರಿಯ ತಣ್ಣೀರು ಸೇರಿ ಕೊನೆಗೆ 45 ಡಿಗ್ರಿ ಬರಬೇಕಾದರೆ ಬಿಸಿನೀರು 70 ಡಿಗ್ರಿ ಇರಲೇಬೇಕು. ಅಂದರೆ ಏರಿಕೆ 50 ಡಿಗ್ರಿ. 10 × 4.2 × 50 = 2100 ಕಿಲೋಜೂಲ್.

ನೀರು ಅರ್ಧ ಆಯಿತು, ಡಿಗ್ರಿ ಎರಡು ಪಟ್ಟು ಆಯಿತು. ಗುಣಾಕಾರ ಅಲ್ಲೇ ನಿಂತಿತು. ನಿಮ್ಮ ಗೆಳೆಯ ನೀರಿನ ಕಡೆ ಮಾತ್ರ ನೋಡುತ್ತಿದ್ದಾರೆ. ಹುಡುಗರು ಸೂತ್ರಕ್ಕೆ ಅಂಕಿ ಹಾಕಿ ಉತ್ತರ ತೆಗೆಯುತ್ತಾರೆ, ಆದರೆ ಒಂದನ್ನು ಇಳಿಸಿದರೆ ಇನ್ನೊಂದು ಏರಬೇಕಾಗುತ್ತದೆ ಅನ್ನುವುದನ್ನು ಗಮನಿಸುವುದಿಲ್ಲ. ನನಗೆ ಉಷ್ಣದ ಅಧ್ಯಾಯದಲ್ಲಿ ಬಹಳ ಮುಖ್ಯ ಅನ್ನಿಸುವುದೇ ಅದು.

ತಾಪ ಬೇರೆ, ಉಷ್ಣ ಬೇರೆ ಎಂದು 18ನೇ ಶತಮಾನದಲ್ಲಿ ಬಿಡಿಸಿ ಹೇಳಿದವನು ಗ್ಲಾಸ್ಗೋದಲ್ಲಿ ಪಾಠ ಮಾಡುತ್ತಿದ್ದ ಜೋಸೆಫ್ ಬ್ಲ್ಯಾಕ್. 70 ಡಿಗ್ರಿಯ ಒಂದು ಲೋಟ ನೀರೂ 70 ಡಿಗ್ರಿಯ ಒಂದು ಹಂಡೆ ನೀರೂ ಮುಟ್ಟಿದರೆ ಅಷ್ಟೇ ಸುಡುತ್ತವೆ. ಆದರೆ ಹಂಡೆಗೆ ಹೋದ ಉಷ್ಣ ಎಷ್ಟೋ ಜಾಸ್ತಿ.

ಹಂಡೆಯ ಮಾತು ಬಂತು, ಒಂದು ವಿಷಯ ಹೇಳಿಬಿಡುತ್ತೇನೆ. ದಪ್ಪ ತಾಮ್ರದ ಹಂಡೆಯೇ ಬಹಳ ಉಷ್ಣ ತಿನ್ನುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಒಂದು ಕಿಲೋ ತಾಮ್ರಕ್ಕೆ ಡಿಗ್ರಿಗೆ 0.39 ಕಿಲೋಜೂಲ್ ಸಾಕು. ಐದು ಕಿಲೋ ತೂಗುವ ಹಂಡೆ 25 ಡಿಗ್ರಿ ಏರಿದರೆ 50 ಕಿಲೋಜೂಲ್ ಕೂಡ ಆಗುವುದಿಲ್ಲ. ನೀರಿನ 2100ರ ಮುಂದೆ ಅದು ಯಾವ ಲೆಕ್ಕ!

ಇನ್ನು ನಿಮ್ಮಿಬ್ಬರ ಜಗಳಕ್ಕೆ ಬರೋಣ. ನೀರಿಗೆ ಸೇರುವ ಉಷ್ಣ ಎರಡರಲ್ಲೂ ಒಂದೇ. ಆದರೆ ನೀರು ರೂಮಿನ ಗಾಳಿಗಿಂತ ಬಿಸಿ ಆದಷ್ಟೂ ಉಷ್ಣ ಬೇಗ ಹೊರಗೆ ಹೋಗುತ್ತದೆ, ಹಬೆಯೂ ಜಾಸ್ತಿ ಏಳುತ್ತದೆ. ಆದ್ದರಿಂದ 70 ಡಿಗ್ರಿಗೆ ಕಾಯಿಸುವ ದಾರಿಯಲ್ಲೇ ಸ್ವಲ್ಪ ನಷ್ಟ. ಪೂರ್ತಿ ಬಕೆಟ್ ಇಡಿ, ಅದೇ ಸರಿ.

ಉತ್ತರ: ಎಲೆಕ್ಟ್ರಿಷಿಯನ್, ಶಹಾಪುರ, ಬೆಳಗಾವಿ

ಮಾಸ್ತರರ ಲೆಕ್ಕವನ್ನು ಮೀಟರಿನ ಭಾಷೆಗೆ ತರುತ್ತೇನೆ. ಒಂದು ಯೂನಿಟ್ ಅಂದರೆ 3600 ಕಿಲೋಜೂಲ್. 2100 ಅಂದರೆ 0.58 ಯೂನಿಟ್. 1500 ವ್ಯಾಟ್ ರಾಡ್ ಸೆಕೆಂಡಿಗೆ 1.5 ಕಿಲೋಜೂಲ್ ಕೊಡುತ್ತದೆ, ಹಾಗಾಗಿ ಸುಮಾರು 23 ನಿಮಿಷ. 1000 ವ್ಯಾಟ್ ರಾಡ್ ತಂದರೆ ಕರೆಂಟು ಉಳಿಯುವುದಿಲ್ಲ. 35 ನಿಮಿಷ ಕಾಯಬೇಕಾಗುತ್ತದೆ, ಅಷ್ಟೇ.

ಗೆಳೆಯ ನಂಬದಿದ್ದರೆ ಮೀಟರನ್ನೇ ಕೇಳಿ. ಡಿಜಿಟಲ್ ಮೀಟರಿನಲ್ಲಿ ಕೆಂಪು ದೀಪ ಮಿಣುಕುತ್ತದೆ. ಯೂನಿಟ್ಟಿಗೆ ಎಷ್ಟು ಸಲ ಅಂತ ಮೀಟರಿನ ಮೇಲೇ ಬರೆದಿರುತ್ತದೆ, 3200 ಅಂತಲೋ 1600 ಅಂತಲೋ. ಉಳಿದೆಲ್ಲ ಸ್ವಿಚ್ ಆಫ್ ಮಾಡಿ, ರಾಡ್ ಒಂದೇ ಹಚ್ಚಿ. ಒಂದು ನಿಮಿಷ ಎಣಿಸಿದರೆ ರಾಡ್ ನಿಜಕ್ಕೂ ಎಷ್ಟು ವ್ಯಾಟ್ ಎಳೆಯುತ್ತಿದೆ ಅಂತ ಗೊತ್ತಾಗುತ್ತದೆ. 3200ರ ಮೀಟರಿನಲ್ಲಿ 1500 ವ್ಯಾಟ್‌ಗೆ ನಿಮಿಷಕ್ಕೆ 80 ಮಿಣುಕು ಬರಬೇಕು.

ಅರ್ಧ ಬಕೆಟ್ ಕಾಯಿಸಬೇಡಿ ಅನ್ನಲು ನನಗೆ ಇನ್ನೊಂದು ಕಾರಣ ಇದೆ. ರಾಡಿನ ಮೇಲೆ ನೀರು ಎಲ್ಲಿವರೆಗೆ ಇರಬೇಕು ಅಂತ ಗುರುತು ಇರುತ್ತದೆ. ಕಾಯಿಲ್ ಹೊರಗೆ ಉಳಿದರೆ ಸುಟ್ಟುಹೋಗುತ್ತದೆ. ಮತ್ತೆ ದಯವಿಟ್ಟು, ಪ್ಲಗ್ ಕಿತ್ತ ಮೇಲೆಯೇ ನೀರು ಮುಟ್ಟಿ ನೋಡಿ. ಬೆರಳದ್ದಿ ನೋಡಲು ಹೋಗಿ ಶಾಕ್ ಹೊಡೆಸಿಕೊಂಡವರನ್ನು ಕಂಡಿದ್ದೇನೆ. ಕಬ್ಬಿಣ, ಸ್ಟೀಲ್ ಬಕೆಟ್ಟಿನಲ್ಲಿ ರಾಡ್ ಇಡಲೇಬೇಡಿ.

ಜಲನಗರದ ರೂಮಿನವ

ಇಬ್ಬರಿಗೂ ಧನ್ಯವಾದ. ಗೆಳೆಯನಿಗೆ ಓದಿಸಿದೆ, 70 ಡಿಗ್ರಿಯ ಸಾಲಿನ ಹತ್ತಿರ ಬಂದಾಗ ಒಪ್ಪಿಕೊಂಡ. ಇನ್ನೆರಡು ಕೇಳಬೇಕು. ಬೇಸಿಗೆಯಲ್ಲಿ ಮಾಳಿಗೆ ಟ್ಯಾಂಕಿನ ನೀರೇ ಬೆಚ್ಚಗೆ ಬರುತ್ತದೆ, ಆಗ ಎಷ್ಟು ಉಳಿಯುತ್ತದೆ? ರಾಡ್ ಹಚ್ಚಿ ಮರೆತು ನೀರು ಕುದಿಯಲು ಹತ್ತಿದರೆ, ತಾಪ 100ರ ಮೇಲೆ ಏರುವುದಿಲ್ಲವಲ್ಲ, ಆಗ ಕರೆಂಟೆಲ್ಲ ಎಲ್ಲಿಗೆ ಹೋಗುತ್ತದೆ?

ನಿವೃತ್ತ ವಿಜ್ಞಾನ ಮಾಸ್ತರ

ಟ್ಯಾಂಕಿನ ನೀರು 35 ಡಿಗ್ರಿ ಇದ್ದರೆ ಏರಿಕೆ ಬರೀ 10 ಡಿಗ್ರಿ. 20 × 4.2 × 10 = 840 ಕಿಲೋಜೂಲ್. ಒಂಬತ್ತೂವರೆ ನಿಮಿಷದ ಒಳಗೆ ಮುಗಿಯುತ್ತದೆ. 45 ಡಿಗ್ರಿ ಅನ್ನುವ ಸಂಖ್ಯೆಯನ್ನು ಸೂತ್ರಕ್ಕೆ ನೇರವಾಗಿ ಹಾಕಬಾರದು. ಎಲ್ಲಿಂದ ಹೊರಟಿತು ಅನ್ನುವುದನ್ನು ಕಳೆದೇ ಹಾಕಬೇಕು.

ಕುದಿಯುವ ಪ್ರಶ್ನೆಗೆ ನಮ್ಮ ಜಿಲ್ಲೆಯ ಗಾಣದವರು ಯಾರಾದರೂ ಇದ್ದರೆ ಚೆನ್ನಾಗಿ ಹೇಳುತ್ತಾರೆ.

ಉತ್ತರ: ಬೆಲ್ಲದ ಗಾಣದ ಮನೆಯವ, ಮಹಾಲಿಂಗಪುರ

ಹೇಳುತ್ತೇನೆ, ಇದು ನಮ್ಮ ದಿನದ ಕೆಲಸ. ಕಬ್ಬಿನ ಹಾಲು ಕುದಿ ಬರುವವರೆಗೆ ಉರಿ ಹಾಕುವುದು ದೊಡ್ಡ ಕೆಲಸವಲ್ಲ. ಕುದಿ ಬಂದ ಮೇಲೆ ನೀರು ಆರಿಸುವುದೇ ದೊಡ್ಡದು, ಒಣ ಸಿಪ್ಪೆ ಎಲ್ಲ ಖರ್ಚಾಗುವುದು ಅಲ್ಲಿ.

ಸುಮ್ನೆ ನೀರನ್ನೇ ತಗೊಳ್ಳಿ. ಒಂದು ಕಿಲೋ ನೀರು 25ರಿಂದ 100 ಡಿಗ್ರಿಗೆ ಬರಲು 315 ಕಿಲೋಜೂಲ್. ಅದೇ ಒಂದು ಕಿಲೋ ಪೂರ್ತಿ ಹಬೆ ಆಗಲು 2260 ಕಿಲೋಜೂಲ್, ಏಳು ಪಟ್ಟು. ತಾಪ ಒಂದು ಡಿಗ್ರಿಯೂ ಏರುವುದಿಲ್ಲ, ಹಾಗಾಗಿ ಮಾಸ್ತರರ ಗುಣಾಕಾರ ಇಲ್ಲಿ ನಡೆಯುವುದಿಲ್ಲ. ಉಷ್ಣವೆಲ್ಲ ನೀರನ್ನು ಹಬೆ ಮಾಡಲು ಹೋಗುತ್ತದೆ. ನಮ್ಮ ಕಡಾಯಿಯಲ್ಲಿ ಪಾಕ ಗಟ್ಟಿ ಆದಂತೆ ಮಾತ್ರ ತಾಪ 100 ದಾಟಿ ನಿಧಾನ ಮೇಲೆ ಹೋಗುತ್ತದೆ, ಯಾಕೆಂದರೆ ಸಕ್ಕರೆ ಅಂಶ ಜಾಸ್ತಿ ಆಗಿರುತ್ತದೆ.

ನಿಮ್ಮ ರಾಡಿನ ಲೆಕ್ಕದಲ್ಲಿ ಹೇಳಬೇಕೆಂದರೆ, ಮರೆತು ಸುಮಾರು 25 ನಿಮಿಷ ಕುದಿಯಲು ಬಿಟ್ಟರೆ ಒಂದು ಲೀಟರ್ ನೀರು ಹಬೆ ಆಗಿರುತ್ತದೆ. ಆ ಒಂದು ಲೀಟರ್ ಹೊತ್ತುಕೊಂಡು ಹೋದ ಉಷ್ಣದಲ್ಲಿ ಇನ್ನೊಬ್ಬರ ಸ್ನಾನದ ಬಕೆಟ್ ಕಾಯುತ್ತಿತ್ತು. ಟೈಮರ್ ಇರುವ ಪ್ಲಗ್ ಸಿಗುತ್ತದೆ, ಒಂದು ತಂದು ಹಾಕಿಕೊಳ್ಳಿ.