ಕ್ಯಾನ್ಸರ್ ಪಾಠ: ಜೀನ್‌ಗಳ ಪಟ್ಟಿ ಬಿಟ್ಟು ಎಲ್ಲಿಂದ ಶುರು ಮಾಡುವುದು? – ಪ್ರಶ್ನೋತ್ತರ

ಈ ವಾರದ ಪ್ರಶ್ನೋತ್ತರ ಕ್ಯಾನ್ಸರಿನ ಅಣು ಮತ್ತು ಕೋಶ ಮಟ್ಟದ ಪಾಠದ ಬಗ್ಗೆ. ಉತ್ತರ ಕೊಡುವವರು ಕೋಶಜೀವಶಾಸ್ತ್ರದ ಒಬ್ಬರು ಪ್ರಾಧ್ಯಾಪಕರು ಮತ್ತು ಒಬ್ಬರು ಪೆಥಾಲಜಿ ವೈದ್ಯೆ. ಪಾಠಕ್ಕೆ ಸಂಬಂಧಿಸಿದ್ದನ್ನು ಮಾತ್ರ ಕೇಳಿ. ರೋಗಿಗಳ ರಿಪೋರ್ಟ್ ಇಲ್ಲಿ ಹಾಕಬೇಡಿ.

ಪ್ರಶ್ನೆ (ಪದವಿ ಕಾಲೇಜು ಉಪನ್ಯಾಸಕಿ): ಸರ್, ಬಿ.ಎಸ್ಸಿ.ಯಲ್ಲಿ ಈ ಘಟಕಕ್ಕೆ ಸಿಗುವುದೇ ಐದು ಗಂಟೆ. ರಾಸ್, ಮಿಕ್, ಆರ್‌ಬಿ, ಪಿ53, ಎಪಿಸಿ, ಬಿಆರ್‌ಸಿಎ ಎಂದು ಕ್ಯಾನ್ಸರಿಗೆ ಸಂಬಂಧಿಸಿದ ಜೀನ್‌ಗಳ ಹೆಸರು ಬರೆಸಿದರೆ ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ. ಸ್ವಲ್ಪ ತಿರುಗಿಸಿ ಕೇಳಿದರೆ ಮುಖ ಮುಖ ನೋಡುತ್ತಾರೆ. ಎಲ್ಲಿಂದ ಹಿಡಿಯಲಿ?

ಪ್ರಾಧ್ಯಾಪಕರು: ಮೊದಲ ಎರಡು ಗಂಟೆ ಆ ಪಟ್ಟಿಯನ್ನು ಮುಟ್ಟಲೇಬೇಡಿ ಮೇಡಂ. ಕೋಶ ಜಿ1 ಹಂತದಿಂದ (ಬೆಳೆಯುವ ಹಂತ) ಎಸ್ ಹಂತಕ್ಕೆ (ಡಿಎನ್‌ಎ ನಕಲಾಗುವ ಹಂತ) ದಾಟುವ ಒಂದೇ ಜಾಗವನ್ನು ಬೋರ್ಡ್ ತುಂಬ ಬರೆಯಿರಿ. ಆರ್‌ಬಿ ಪ್ರೋಟೀನು, ಎಸ್ ಹಂತಕ್ಕೆ ಬೇಕಾದ ಜೀನ್‌ಗಳನ್ನು ಆನ್ ಮಾಡುವ ಇ2ಎಫ್ ಪ್ರೋಟೀನನ್ನು ಹಿಡಿದು ಕೂತಿದೆ. ಹೊರಗಿನಿಂದ ಬೆಳವಣಿಗೆಯ ಸಂಕೇತ ಬಂದರೆ ಸೈಕ್ಲಿನ್ ಡಿ ಪ್ರೋಟೀನು ತಯಾರಾಗಿ ಸಿಡಿಕೆ4 ಅಥವಾ ಸಿಡಿಕೆ6 ಎಂಬ ಕಿಣ್ವದ ಜೊತೆ ಸೇರುತ್ತದೆ. ಆ ಜೋಡಿ ಆರ್‌ಬಿಗೆ ಫಾಸ್ಫೇಟ್ ಅಂಟಿಸುತ್ತದೆ, ಇ2ಎಫ್ ಸಡಿಲವಾಗುತ್ತದೆ, ಸೈಕ್ಲಿನ್ ಇ ಹುಟ್ಟುತ್ತದೆ. ಸೈಕ್ಲಿನ್ ಇ–ಸಿಡಿಕೆ2 ಜೋಡಿ ಮತ್ತಷ್ಟು ಫಾಸ್ಫೇಟ್ ಅಂಟಿಸಿದ ಮೇಲೆ ಕೋಶ ಹಿಂದಕ್ಕೆ ಬರುವುದಿಲ್ಲ. ತಡೆಯುವವರು ಇಬ್ಬರು: ಸಿಡಿಕೆ4/6 ಅನ್ನು ಪಿ16, ಸಿಡಿಕೆ2 ಅನ್ನು ಪಿ21. ಡಿಎನ್‌ಎಗೆ ಪೆಟ್ಟು ಬಿದ್ದಾಗ ಪಿ21 ತಯಾರು ಮಾಡಿಸುವುದು ಪಿ53.

ಈ ಚಿತ್ರ ಕೈಗೆ ಬಂದರೆ ಪಟ್ಟಿಯ ಅರ್ಧ ಹೆಸರುಗಳು ತಾವಾಗಿಯೇ ತಮ್ಮ ಜಾಗದಲ್ಲಿ ಕೂರುತ್ತವೆ. ಅರ್ಥವಾಗಿದೆಯೇ ಎಂದು ನೋಡಲು ಒಂದು ಪ್ರಶ್ನೆ ಸಾಕು. ಪಾಲ್ಬೋಸಿಕ್ಲಿಬ್ ಎಂಬ ಔಷಧಿ ಸಿಡಿಕೆ4/6 ಅನ್ನು ತಡೆಯುತ್ತದೆ. 2015ರಲ್ಲಿ ಅಮೆರಿಕದಲ್ಲಿ ಸ್ತನ ಕ್ಯಾನ್ಸರಿಗೆ ಅನುಮತಿ ಸಿಕ್ಕಿತು. ಗಡ್ಡೆಯ ಕೋಶಗಳಲ್ಲಿ ಆರ್‌ಬಿಯೇ ಇಲ್ಲದಿದ್ದರೆ ಈ ಔಷಧಿ ಕೆಲಸ ಮಾಡುತ್ತದೆಯೇ? ಬಾಣದ ಗುರುತುಗಳನ್ನು ಅರ್ಥ ಮಾಡಿಕೊಂಡವರು ಅರ್ಧ ನಿಮಿಷದಲ್ಲಿ ‘ಇಲ್ಲ’ ಎನ್ನುತ್ತಾರೆ, ಏಕೆಂದರೆ ತಡೆ ಹಾಕುವ ಜಾಗದಿಂದ ಮುಂದಿನ ಕೊಂಡಿ ಆಗಲೇ ಕಳಚಿದೆ.

ಮರುಪ್ರಶ್ನೆ: ಆಂಕೋಜೀನ್ (ಕೆಟ್ಟು ಸದಾ ಆನ್ ಆಗಿ ಕ್ಯಾನ್ಸರಿಗೆ ದೂಡುವ ಜೀನ್) ಆಕ್ಸಿಲರೇಟರ್, ಟ್ಯೂಮರ್ ಸಪ್ರೆಸರ್ (ಗಡ್ಡೆ ತಡೆಯುವ ಜೀನ್) ಬ್ರೇಕ್ ಎಂಬ ಹೋಲಿಕೆ ಬಿಡಬೇಕೇ?

ಪ್ರಾಧ್ಯಾಪಕರು: ಮೊದಲ ಹತ್ತು ನಿಮಿಷಕ್ಕೆ ಇರಲಿ, ಆಮೇಲೆ ಅದರ ಮಿತಿ ಹೇಳಿ. ಎಂಎಲ್‌ಎಚ್1, ಬಿಆರ್‌ಸಿಎ1 ಥರದ ಡಿಎನ್‌ಎ ರಿಪೇರಿ ಜೀನ್‌ಗಳು ಆಕ್ಸಿಲರೇಟರೂ ಅಲ್ಲ, ಬ್ರೇಕೂ ಅಲ್ಲ. ಅವು ಹೋದರೆ ವಿಭಜನೆಯ ವೇಗ ನೇರವಾಗಿ ಬದಲಾಗುವುದಿಲ್ಲ. ಬೇರೆ ಜೀನ್‌ಗಳಲ್ಲಿ ಮ್ಯುಟೇಶನ್ (ಡಿಎನ್‌ಎ ಅಕ್ಷರಗಳ ಬದಲಾವಣೆ) ಬೀಳುವ ದರ ಏರುತ್ತದೆ. ಹೋಲಿಕೆಯನ್ನೇ ನಂಬಿ ಕೂತ ಮಕ್ಕಳು ಬಿಆರ್‌ಸಿಎ1 ಅನ್ನು ‘ಬ್ರೇಕ್’ ಎಂದು ಬರೆದು ಅಲ್ಲಿಗೇ ನಿಲ್ಲಿಸುತ್ತಾರೆ.

ಪ್ರಶ್ನೆ (ಪಿಯು ಉಪನ್ಯಾಸಕರು): ರೆಟಿನೋಬ್ಲಾಸ್ಟೋಮಾ (ಮಕ್ಕಳ ಕಣ್ಣಿನ ಕ್ಯಾನ್ಸರ್) ಡಾಮಿನೆಂಟ್ ಆಗಿ ಬರುತ್ತದೆ ಅಂತ ಒಂದು ಕಡೆ ಇದೆ. ಟ್ಯೂಮರ್ ಸಪ್ರೆಸರ್ ಜೀನ್ ರಿಸೆಸಿವ್ ಅಂತ ಮುಂದಿನ ಪುಟದಲ್ಲೇ ಇದೆ. ಯಾವುದನ್ನು ಬರೆಸಬೇಕು ಸರ್?

ಪ್ರಾಧ್ಯಾಪಕರು: ಎರಡೂ ಸರಿ, ಮಟ್ಟ ಬೇರೆ. ವಂಶವೃಕ್ಷದಲ್ಲಿ ನೋಡಿದರೆ ಡಾಮಿನೆಂಟ್ (ಒಂದು ಕೆಟ್ಟ ಪ್ರತಿ ಬಂದರೆ ಸಾಕು), ಕೋಶದಲ್ಲಿ ನೋಡಿದರೆ ರಿಸೆಸಿವ್ (ಎರಡೂ ಪ್ರತಿ ಕೆಡಬೇಕು). ಈ ಪಾಠದ ಗೊಂದಲಗಳಲ್ಲಿ ಬಹುಪಾಲು ಇದೇ ಜಾತಿಯವು: ಕುಟುಂಬ, ಕೋಶ, ಪ್ರೋಟೀನ್ ಎಂಬ ಮೂರು ಮಟ್ಟಗಳ ಮಾತು ಒಂದೇ ವಾಕ್ಯದಲ್ಲಿ ಬೆರೆತುಹೋಗಿರುತ್ತದೆ. ಆದ್ದರಿಂದ ಉತ್ತರ ಕೇಳುವ ಮೊದಲು ‘ಯಾವ ಮಟ್ಟದಲ್ಲಿ?’ ಎಂದು ಕೇಳುವ ಅಭ್ಯಾಸ ಮಾಡಿಸಿ.

ಇದನ್ನು ಲೆಕ್ಕ ಹಾಕಿಯೇ ತೋರಿಸಿ. ರೆಟಿನಾದಲ್ಲಿ ಅಪಾಯಕ್ಕೆ ಒಡ್ಡಿಕೊಂಡ ಕೋಶಗಳು 30 ಲಕ್ಷ, ಒಂದು ಕೋಶ ಆರ್‌ಬಿ1 ಜೀನಿನ (ಆರ್‌ಬಿ ಪ್ರೋಟೀನಿನ ಜೀನು) ಒಂದು ಪ್ರತಿ ಕಳೆದುಕೊಳ್ಳುವ ಸಂಭವ 10 ಲಕ್ಷಕ್ಕೆ ಒಂದು ಎಂದು ಇಟ್ಟುಕೊಳ್ಳಿ. ಇವು ಕ್ಲಾಸಿಗೆಂದು ಹಿಡಿದ ಸಂಖ್ಯೆಗಳು. ಹುಟ್ಟುವಾಗಲೇ ಒಂದು ಪ್ರತಿ ಕೆಟ್ಟಿರುವ ಮಗುವಿಗೆ ಇನ್ನೊಂದು ಪೆಟ್ಟು ಸಾಕು. ನಿರೀಕ್ಷಿತ ಗಡ್ಡೆಗಳು 3. ಎರಡೂ ಪ್ರತಿ ಸರಿಯಿರುವ ಮಗುವಿಗೆ ಒಂದೇ ಕೋಶದಲ್ಲಿ ಎರಡು ಪೆಟ್ಟು ಬೇಕು; ಸಂಭವ 10 ಲಕ್ಷ ಮಕ್ಕಳಲ್ಲಿ 3. ಅದೇ ಮಗುವಿನ ಎರಡೂ ಕಣ್ಣಿಗೆ ಬರುವುದು ಇಲ್ಲವೆನ್ನುವಷ್ಟು ಅಪರೂಪ. ಆದ್ದರಿಂದಲೇ ಅನುವಂಶೀಯ ರೂಪ ಎರಡೂ ಕಣ್ಣಿಗೆ ಮತ್ತು ಚಿಕ್ಕ ವಯಸ್ಸಿಗೇ ಬರುವುದು ಹೆಚ್ಚು. ಆಲ್ಫ್ರೆಡ್ ನಡ್ಸನ್ 1971ರಲ್ಲಿ 48 ರೋಗಿಗಳ ದಾಖಲೆಗಳಿಂದ ಈ ‘ಎರಡು ಪೆಟ್ಟು’ ವಾದವನ್ನು ಕಟ್ಟಿದರು. ಜೀನು ಆಗಿನ್ನೂ ಯಾರ ಕೈಗೂ ಸಿಕ್ಕಿರಲಿಲ್ಲ. ಅನುವಂಶೀಯ ರೂಪದಲ್ಲಿ ಸರಾಸರಿ 3 ಗಡ್ಡೆ ಎಂಬುದು ಅವರದೇ ಅಂದಾಜು. ಅಪರೂಪದ ಘಟನೆಗಳ ಸಂಭವ ಹೇಳುವ ಪಾಯ್ಸಾನ್ ಸೂತ್ರಕ್ಕೆ 3 ಹಾಕಿದರೆ ಒಂದೂ ಗಡ್ಡೆ ಬಾರದವರು ಸುಮಾರು 5%. ವಂಶವೃಕ್ಷದಲ್ಲಿ ಒಂದು ತಲೆಮಾರು ತಪ್ಪಿದಂತೆ ಕಾಣುವುದಕ್ಕೆ ಇದೂ ಕಾರಣ.

‘ಆದರೆ ಸರ್, ಒಂದು ಪೆಟ್ಟು ಬಿದ್ದ ಕೋಶ ಸಾವಿರಾರು ಮರಿ ಕೋಶ ಮಾಡಿರುತ್ತದಲ್ಲ, ಎರಡನೇ ಪೆಟ್ಟಿಗೆ ಗುರಿ ಹೆಚ್ಚಾಗುವುದಿಲ್ಲವೇ?’ ಎಂದು ಯಾರಾದರೂ ಕೇಳಿದರೆ ಅವರಿಗೆ ಪಾಠ ಹತ್ತಿದೆ ಎಂದು ಲೆಕ್ಕ. ನಿಜವಾದ ದರ ನಮ್ಮ ಲೆಕ್ಕಕ್ಕಿಂತ ಹೆಚ್ಚಿರುವುದಕ್ಕೆ ಅದೂ ಒಂದು ಕಾರಣ. ಎರಡನೇ ಪೆಟ್ಟು ಹೊಸ ಮ್ಯುಟೇಶನ್ನೇ ಆಗಿರಬೇಕಿಲ್ಲ ಎಂಬುದನ್ನೂ ಸೇರಿಸಿ. ಒಳ್ಳೆಯ ಪ್ರತಿ ಇರುವ 13ನೇ ಕ್ರೋಮೋಸೋಮಿನ ತುಂಡೋ ಇಡೀ ಕ್ರೋಮೋಸೋಮೋ ಕಳೆದುಹೋಗುವುದು ಸಾಮಾನ್ಯ.

ಪೆಥಾಲಜಿ ವೈದ್ಯೆ: ಒಂದು ಎಚ್ಚರಿಕೆ ಸೇರಿಸುತ್ತೇನೆ. ‘ಒಂದೇ ಕಣ್ಣಾದರೆ ಅನುವಂಶೀಯವಲ್ಲ’ ಎಂದು ನೋಟ್ಸ್‌ನಲ್ಲಿ ಬರೆಸಬೇಡಿ. ಒಂದೇ ಕಣ್ಣಿನ ಪ್ರಕರಣಗಳಲ್ಲೂ ಸುಮಾರು 15% ಮಕ್ಕಳು ಕೆಟ್ಟ ಪ್ರತಿಯನ್ನು ಹುಟ್ಟಿನಿಂದಲೇ ಹೊತ್ತಿರುತ್ತಾರೆ. ಮನೆಯಲ್ಲಿ ಹಿಂದೆ ಯಾರಿಗೂ ಇರಲಿಲ್ಲ ಎನ್ನುವುದೂ ಪುರಾವೆಯಲ್ಲ. ಅನುವಂಶೀಯ ರೂಪದ ಹೆಚ್ಚಿನ ಮಕ್ಕಳಲ್ಲಿ ಅದು ಹೊಸದಾಗಿ ಶುರುವಾದದ್ದೇ.

ಪ್ರಶ್ನೆ: ಹಾಗಾದರೆ ಪಿ53ಗೂ ಎರಡೂ ಪ್ರತಿ ಹೋಗಲೇಬೇಕಲ್ಲವೇ?

ಪ್ರಾಧ್ಯಾಪಕರು: ಕೊನೆಗೆ ಸಾಮಾನ್ಯವಾಗಿ ಎರಡೂ ಹೋಗಿರುತ್ತವೆ. ಆದರೆ ಒಂದು ಕೆಟ್ಟರೂ ತೊಂದರೆ ಶುರುವಾಗಬಹುದು, ಕಾರಣ ಪ್ರೋಟೀನ್ ಮಟ್ಟದಲ್ಲಿದೆ. ಪಿ53 ಕೆಲಸ ಮಾಡುವುದು ನಾಲ್ಕು ಘಟಕಗಳ ಗುಂಪಾಗಿ. ಒಳ್ಳೆಯದೂ ಕೆಟ್ಟದ್ದೂ ಸಮ ಪ್ರಮಾಣದಲ್ಲಿ ಬೆರೆತರೆ ನಾಲ್ಕೂ ಒಳ್ಳೆಯವಾಗಿರುವ ಗುಂಪು 16ಕ್ಕೆ 1. ಜೀನು ಅರ್ಧ ಉಳಿದಿದ್ದರೂ ಕೆಲಸ ಅರ್ಧ ಉಳಿಯುವುದಿಲ್ಲ. ಇದು ಒಂದು ಅಮೈನೋ ಆಮ್ಲ ಬದಲಾಗಿಯೂ ಪ್ರೋಟೀನು ತಯಾರಾಗುವ ಮಿಸ್‌ಸೆನ್ಸ್ ಮ್ಯುಟೇಶನ್‌ಗೆ ಮಾತ್ರ. ಪ್ರೋಟೀನೇ ತಯಾರಾಗದಿದ್ದರೆ ಬೆರಕೆಯ ಪ್ರಶ್ನೆ ಬರುವುದಿಲ್ಲ.

ಪೆಥಾಲಜಿ ವೈದ್ಯೆ: ಇದೇ ಕಾರಣಕ್ಕೆ ಸ್ಲೈಡ್ ತೋರಿಸುವಾಗ ಮಕ್ಕಳು ಎಡವುತ್ತಾರೆ. ಪಿ53 ಪ್ರೋಟೀನು ಇರುವಲ್ಲಿ ಬಣ್ಣ ಹತ್ತಿಸುವ ಇಮ್ಯುನೋ ಸ್ಟೇನ್‌ನಲ್ಲಿ ಗಡ್ಡೆಯ ನ್ಯೂಕ್ಲಿಯಸ್‌ಗಳೆಲ್ಲ ಗಾಢ ಕಂದು ಬಂದರೆ ‘ಪಿ53 ಜಾಸ್ತಿ ಇದೆ, ರಕ್ಷಣೆ ಜಾಸ್ತಿ’ ಎಂದುಬಿಡುತ್ತಾರೆ. ವಾಸ್ತವ ಉಲ್ಟಾ. ಸರಿಯಿರುವ ಪಿ53 ತನ್ನನ್ನೇ ಒಡೆಸುವ ಎಂಡಿಎಂ2 ಪ್ರೋಟೀನನ್ನು ತಯಾರು ಮಾಡಿಸುತ್ತದೆ, ಹಾಗಾಗಿ ಹೆಚ್ಚು ಹೊತ್ತು ಉಳಿಯುವುದಿಲ್ಲ. ಕೆಟ್ಟದ್ದಕ್ಕೆ ಆ ಕೆಲಸ ಬರುವುದಿಲ್ಲ, ಅದು ಒಡೆಯದೆ ಗುಡ್ಡೆಯಾಗುತ್ತದೆ. ಎಲ್ಲ ಕೋಶಗಳೂ ಗಾಢವಾಗಿದ್ದರೂ ಅನುಮಾನ, ಪಕ್ಕದ ಮಾಮೂಲಿ ಕೋಶಗಳಿಗೆ ಬಣ್ಣ ಹತ್ತಿ ಗಡ್ಡೆಯಲ್ಲಿ ಒಂದಕ್ಕೂ ಹತ್ತದಿದ್ದರೂ ಅನುಮಾನ. ಅಲ್ಲೊಂದು ಇಲ್ಲೊಂದು, ತಿಳಿ–ಗಾಢ ಬೆರೆತು ಬಂದರೆ ಅದು ಮಾಮೂಲಿ ಮಾದರಿ.

ಪ್ರಶ್ನೆ (ಪದವಿ ಕಾಲೇಜು ಉಪನ್ಯಾಸಕಿ): ರಾಸ್ ಪಾಠಕ್ಕೆ ಬೋರ್ಡ್ ಮೇಲೆ ಮಾಡಿಸಬಹುದಾದ ಚಟುವಟಿಕೆ ಇದೆಯೇ?

ಪ್ರಾಧ್ಯಾಪಕರು: ರಾಸ್ ಆಂಕೋಜೀನ್‌ಗಳಲ್ಲಿ ಒಂದಾದ ಎಚ್‌ರಾಸ್ ಜೀನಿನ ಮೊದಲ 12 ಕೋಡಾನ್ (ಒಂದೊಂದು ಅಮೈನೋ ಆಮ್ಲ ಸೂಚಿಸುವ ಮೂರಕ್ಷರದ ಗುಂಪು) ಬರೆಯಿರಿ:

ಎಟಿಜಿ – ಎಸಿಜಿ – ಜಿಎಎ – ಟಿಎಟಿ – ಎಎಜಿ – ಸಿಟಿಜಿ – ಜಿಟಿಜಿ – ಜಿಟಿಜಿ – ಜಿಟಿಜಿ – ಜಿಜಿಸಿ – ಜಿಸಿಸಿ – ಜಿಜಿಸಿ

ಕೋಡಾನ್ ಕೋಷ್ಟಕ ಕೊಟ್ಟು ಅಮೈನೋ ಆಮ್ಲಗಳನ್ನು ಬರೆಸಿ. ಆಮೇಲೆ 12ನೇ ಕೋಡಾನಿನ ನಡುವಿನ ಜಿ ತೆಗೆದು ಟಿ ಹಾಕಿಸಿ: ಗ್ಲೈಸೀನ್ ಹೋಗಿ ವ್ಯಾಲೀನ್ ಬರುತ್ತದೆ. ಮೂತ್ರಕೋಶದ ಕ್ಯಾನ್ಸರಿನಿಂದ ಬಂದ ಟಿ24 ಕೋಶಗಳಲ್ಲಿ 1982ರಲ್ಲಿ ಕಂಡದ್ದು ಈ ಒಂದೇ ಅಕ್ಷರದ ವ್ಯತ್ಯಾಸ. ಮಕ್ಕಳು ಆತುರದಲ್ಲಿ 10ನೆಯದನ್ನು ತಿದ್ದುತ್ತಾರೆ, ಅದೂ ಜಿಜಿಸಿಯೇ. ಎಣಿಸಿಯೇ ಗುರುತು ಹಾಕಿಸಿ. ಗ್ಲೈಸೀನ್‌ಗೆ ಪಕ್ಕಗುಂಪಿನಲ್ಲಿ ಬರೀ ಹೈಡ್ರೋಜನ್. ಆ ಜಾಗಕ್ಕೆ ದೊಡ್ಡದೊಂದು ಬಂದು ಕೂತರೆ ರಾಸ್ ಅನ್ನು ಆಫ್ ಮಾಡಿಸುವ ಗ್ಯಾಪ್ ಪ್ರೋಟೀನಿನ ಆರ್ಜಿನೀನ್ ಒಳಗೆ ಸರಿಯಾಗಿ ಕೂರುವುದಿಲ್ಲ, ರಾಸ್ ಅನ್ನು ಆನ್ ಇಡುವ ಜಿಟಿಪಿ ಒಡೆಯುವುದಿಲ್ಲ, ರಾಸ್ ಆನ್ ಆಗಿಯೇ ಉಳಿಯುತ್ತದೆ.

ಇನ್ನು ಎರಡು ಬದಲಾವಣೆ ಮಾಡಿಸಿ. ಜಿಜಿಸಿಯನ್ನು ಜಿಜಿಟಿ ಮಾಡಿದರೆ ಏನೂ ಆಗದು, ಅದೂ ಗ್ಲೈಸೀನೇ. ಸಿಟಿಜಿ ಬದಲು ಟಿಎಜಿ ಹಾಕಿದರೆ? ಅಲ್ಲಿಗೆ ನಿಲುಗಡೆ, ಪ್ರೋಟೀನೇ ಇಲ್ಲ, ಕ್ಯಾನ್ಸರಿಗೆ ಅದರಿಂದ ಲಾಭವೂ ಇಲ್ಲ. ಆಂಕೋಜೀನ್‌ಗಳ ಮ್ಯುಟೇಶನ್ (ರಾಸ್‌ನಲ್ಲಿ 12, 13, 61ನೇ ಕೋಡಾನ್) ಬೆರಳೆಣಿಕೆಯ ಜಾಗಗಳಲ್ಲಿ ಗುಂಪುಗೂಡುವುದೂ, ಆರ್‌ಬಿ1, ಎಪಿಸಿ ಥರದ ಟ್ಯೂಮರ್ ಸಪ್ರೆಸರ್‌ಗಳಲ್ಲಿ ಉದ್ದಕ್ಕೂ ಹರಡಿರುವುದೂ ಇದರಿಂದಲೇ. ಕೆಡಿಸುವುದಕ್ಕೆ ನೂರು ದಾರಿ, ಕೆಲಸ ನಿಲ್ಲದಂತೆ ಮಾಡುವುದಕ್ಕೆ ಕೆಲವೇ. ಹೆಸರು ಮುಚ್ಚಿದ ಎರಡು ಮ್ಯುಟೇಶನ್ ನಕ್ಷೆ ಕೊಟ್ಟು ‘ಯಾವುದು ಆಂಕೋಜೀನ್?’ ಎಂದು ಕೇಳಿ ನೋಡಿ.

ಪ್ರಶ್ನೆ (ಗ್ರಾಮೀಣ ಕಾಲೇಜು ಉಪನ್ಯಾಸಕರು): ನಮ್ಮಲ್ಲಿ ಸೆಲ್ ಕಲ್ಚರ್ ಇಲ್ಲ, ಮೈಕ್ರೋಸ್ಕೋಪು ಮಾತ್ರ ಇದೆ. ಈ ಘಟಕಕ್ಕೆ ಹೊಂದುವ ಪ್ರಾಕ್ಟಿಕಲ್ ಯಾವುದು?

ಪ್ರಾಧ್ಯಾಪಕರು: ಈರುಳ್ಳಿ ಬೇರಿನ ತುದಿಯೇ ಸಾಕು, ಆದರೆ ಎಣಿಕೆ ಮಾಡಿಸಬೇಕು. ಬುಡ ಮಾತ್ರ ನೀರಿಗೆ ತಾಗುವಂತೆ ಈರುಳ್ಳಿ ಇಡಿ. ಎಲ್ಲವೂ ಬೇರು ಬಿಡುವುದಿಲ್ಲ, ಬೇಕಾದ್ದಕ್ಕಿಂತ ಎರಡು ಪಟ್ಟು ಇಟ್ಟಿರಿ. ಎರಡು–ಮೂರು ದಿನದಲ್ಲಿ ಬೇರು 1.5–2 ಸೆಂ.ಮೀ. ಆದಾಗ ಬೆಳಿಗ್ಗೆ ಕತ್ತರಿಸಿ, 3 ಭಾಗ ಆಲ್ಕೊಹಾಲ್, 1 ಭಾಗ ಗ್ಲೇಶಿಯಲ್ ಅಸಿಟಿಕ್ ಆಮ್ಲದ ದ್ರಾವಣದಲ್ಲಿ ಒಂದು ದಿನ ಇಡಿ. ಈ ದ್ರಾವಣ ಅಂದಂದೇ ಬೆರೆಸಿದ್ದಾಗಬೇಕು. ತಕ್ಷಣ ಬಳಸದಿದ್ದರೆ ಬೇರನ್ನು 70% ಆಲ್ಕೊಹಾಲ್‌ಗೆ ವರ್ಗಾಯಿಸಿ ಫ್ರಿಜ್‌ನಲ್ಲಿಡಬಹುದು. ಆಮೇಲೆ 1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 60 ಡಿಗ್ರಿ ಸೆಲ್ಸಿಯಸ್‌ಗೆ 8–10 ನಿಮಿಷ. (ಗಾಢ ಆಮ್ಲ 8.3 ಮಿ.ಲೀ.ಯನ್ನು ಸುಮಾರು 80 ಮಿ.ಲೀ. ನೀರಿಗೆ ನಿಧಾನವಾಗಿ ಸೇರಿಸಿ 100 ಮಿ.ಲೀ. ಮಾಡಿಕೊಳ್ಳಿ, ಆಮ್ಲಕ್ಕೆ ನೀರು ಸುರಿಯಬಾರದು.) ಎರಡು–ಮೂರು ಸಲ ನೀರಿನಲ್ಲಿ ತೊಳೆದು ಅಸಿಟೋಕಾರ್ಮಿನ್‌ನಲ್ಲಿ 10–15 ನಿಮಿಷ ಇಡಿ. ಗಾಢವಾಗಿ ಬಣ್ಣ ಹಿಡಿದ ತುದಿಯ 1–2 ಮಿ.ಮೀ. ಮಾತ್ರ ತೆಗೆದು, 45% ಅಸಿಟಿಕ್ ಆಮ್ಲದ ಒಂದು ಹನಿಯಲ್ಲಿ ಬಿಡಿಸಿ, ಕವರ್‌ಸ್ಲಿಪ್ ಇಟ್ಟು ಬ್ಲಾಟಿಂಗ್ ಪೇಪರ್ ಮೇಲಿಂದ ಹೆಬ್ಬೆರಳಿನಲ್ಲಿ ನೇರವಾಗಿ ಒತ್ತಿ.

ಕೋಶಗಳು ಪದರ ಪದರವಾಗಿ ಕಂಡರೆ ಆಮ್ಲದಲ್ಲಿ ಇಟ್ಟದ್ದು ಸಾಲದು. ಬಣ್ಣ ಹತ್ತದಿದ್ದರೆ ಆಮ್ಲ ಸರಿಯಾಗಿ ತೊಳೆದಿಲ್ಲ, ಅಥವಾ ಹೆಚ್ಚು ಹೊತ್ತು ಇಟ್ಟಿದ್ದೀರಿ. ಕೋಶಗಳು ಉರುಳಿ ಹರಿದಿದ್ದರೆ ಒತ್ತುವಾಗ ಕವರ್‌ಸ್ಲಿಪ್ ಜಾರಿದೆ. ಎಲ್ಲವೂ ಉದ್ದುದ್ದ ಕೋಶಗಳಾಗಿ ವಿಭಜನೆಯೇ ಕಾಣದಿದ್ದರೆ ತುದಿ ಬಿಟ್ಟು ಮೇಲಿನ ಭಾಗ ತೆಗೆದಿದ್ದೀರಿ.

ಈ ಕೊನೆಯ ತಪ್ಪನ್ನೇ ಪಾಠ ಮಾಡಿಕೊಳ್ಳಿ. ಅರ್ಧ ತರಗತಿ ತುದಿಯಿಂದ, ಇನ್ನರ್ಧ 5 ಮಿ.ಮೀ. ಮೇಲಿನಿಂದ ಸ್ಲೈಡ್ ಮಾಡಲಿ. ಒಂದೊಂದು ಗುಂಪು ಒಟ್ಟು 1000 ಕೋಶ ಎಣಿಸಿ, ವಿಭಜನೆಯಲ್ಲಿರುವವನ್ನು ಒಟ್ಟು ಕೋಶಗಳಿಂದ ಭಾಗಿಸಿ 100ರಿಂದ ಗುಣಿಸಿದರೆ ಮೈಟಾಟಿಕ್ ಇಂಡೆಕ್ಸ್. ತುದಿಯಲ್ಲಿ ವಿಭಜನೆ ಭರ್ಜರಿಯಾಗಿದೆ, ಆದರೆ ಅದು ಕ್ಯಾನ್ಸರಲ್ಲ. ನಮ್ಮ ಅಸ್ಥಿಮಜ್ಜೆ, ಕರುಳಿನ ಒಳಪದರ ಕೂಡ ಅನೇಕ ಗಡ್ಡೆಗಳಿಗಿಂತ ಚುರುಕಾಗಿ ವಿಭಜಿಸುತ್ತವೆ. ಕೀಮೋಥೆರಪಿಯಲ್ಲಿ ರಕ್ತಕಣ ಇಳಿಯುವುದು ಅದಕ್ಕೇ. ಕ್ಯಾನ್ಸರಿನ ಗುರುತು ವೇಗವಲ್ಲ, ನಿಲ್ಲಬೇಕಾದಲ್ಲಿ ನಿಲ್ಲದಿರುವುದು, ಸಾಯಬೇಕಾದಾಗ ಸಾಯದಿರುವುದು. ಇಂಡೆಕ್ಸ್ ಹೆಚ್ಚಾದರೆ ವೇಗ ಹೆಚ್ಚು ಎಂದೂ ಅಲ್ಲ. ಮನೆ ಮುಂದಿನ ನಿತ್ಯಪುಷ್ಪದಿಂದ ಬರುವ ವಿನ್‌ಕ್ರಿಸ್ಟಿನ್ ಕೊಟ್ಟರೆ ಕೋಶಗಳು ವಿಭಜನೆಯ ಮಧ್ಯದಲ್ಲೇ ಸಿಕ್ಕಿಹಾಕಿಕೊಂಡು ಇಂಡೆಕ್ಸ್ ಏರುತ್ತದೆ. ಅಂದಹಾಗೆ, ಸಸ್ಯಗಳಲ್ಲಿ ಪಿ53 ಇಲ್ಲ. ಈರುಳ್ಳಿ ಸ್ಲೈಡ್ ತೋರಿಸುತ್ತ ಪಿ53 ವಿವರಿಸಬೇಡಿ.

ಪ್ರಶ್ನೆ (ಪಿಯು ಉಪನ್ಯಾಸಕಿ, ಚನ್ನಗಿರಿ ಕಡೆ): ನಮ್ಮ ತರಗತಿಯಲ್ಲಿ ಅರ್ಧಕ್ಕರ್ಧ ಅಡಿಕೆ ಬೆಳೆಗಾರರ ಮಕ್ಕಳು. ಅಡಿಕೆ ಕ್ಯಾನ್ಸರ್‌ಕಾರಕ ಎಂದರೆ ‘ತಂಬಾಕಿನಿಂದ ಮೇಡಂ, ಅಡಿಕೆಯಿಂದಲ್ಲ’ ಎಂದು ವಾದಕ್ಕೆ ನಿಲ್ಲುತ್ತಾರೆ.

ಪೆಥಾಲಜಿ ವೈದ್ಯೆ: ವಾದ ಮಾಡಲಿ ಬಿಡಿ, ಪುರಾವೆ ಮುಂದಿಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಮೌಲ್ಯಮಾಪನದಲ್ಲಿ ತಂಬಾಕಿಲ್ಲದ ಎಲೆ–ಅಡಿಕೆಯನ್ನೂ ಅಡಿಕೆಯನ್ನೂ ಮೊದಲನೇ ಗುಂಪಿಗೆ ಸೇರಿಸಿದೆ. ಮೊದಲನೇ ಗುಂಪು ಎಂದರೆ ಪುರಾವೆ ಗಟ್ಟಿ ಎಂದರ್ಥ. ಆ ಗುಂಪಿನ ಎಲ್ಲವೂ ಸಮಾನ ಅಪಾಯಕಾರಿ ಎಂದಲ್ಲ. ಇದನ್ನು ಸ್ಪಷ್ಟವಾಗಿ ಹೇಳಿದರೆ ಅರ್ಧ ವಾದ ತಣ್ಣಗಾಗುತ್ತದೆ. ಎಷ್ಟು ಹೊತ್ತು, ಎಷ್ಟು ವರ್ಷ ಬಾಯಲ್ಲಿ ಇಟ್ಟುಕೊಳ್ಳುತ್ತಾರೆ ಎಂಬುದು ಮುಖ್ಯ.

ಕೋಶ ಮಟ್ಟದಲ್ಲಿ ಎರಡು ದಾರಿ ತೋರಿಸಿ. ಅಡಿಕೆಯ ಅರೆಕೋಲಿನ್‌ನಿಂದ ನೈಟ್ರೋಸಮೀನ್ ಎಂಬ ಕ್ಯಾನ್ಸರ್‌ಕಾರಕಗಳು ಹುಟ್ಟುತ್ತವೆ. ಸುಣ್ಣದ ಕ್ಷಾರದಲ್ಲಿ ಅಡಿಕೆಯ ಪಾಲಿಫಿನಾಲ್‌ಗಳು ಆಕ್ಸಿಡೈಸ್ ಆಗಿ ಡಿಎನ್‌ಎಗೆ ಪೆಟ್ಟು ಕೊಡುವ ಆಮ್ಲಜನಕದ ರೂಪಗಳು ಬರುತ್ತವೆ. ಇನ್ನೊಂದು ದಾರಿಯಲ್ಲಿ ಬಾಯಿಯ ಒಳಪದರದ ಕೆಳಗೆ ಕೊಲ್ಯಾಜನ್ ಗಟ್ಟಿಯಾಗಿ ಕೂಡುತ್ತದೆ. ಅಡಿಕೆಯ ತಾಮ್ರದಿಂದ ಲೈಸಿಲ್ ಆಕ್ಸಿಡೇಸ್ ಕಿಣ್ವ ಚುರುಕಾಗಿ ಆ ಎಳೆಗಳನ್ನು ಬೆಸೆಯುತ್ತದೆ. ಅದೇ ಸಬ್‌ಮ್ಯೂಕಸ್ ಫೈಬ್ರೋಸಿಸ್. ಬಾಯಿ ಪೂರ್ತಿ ತೆರೆಯಲಾಗದು, ಖಾರ ತಾಗದು. ಇದು ಇನ್ನೂ ಕ್ಯಾನ್ಸರ್ ಅಲ್ಲ, ಕ್ಯಾನ್ಸರಿಗೆ ತಿರುಗಬಲ್ಲ ಸ್ಥಿತಿ. ಬೆಳೆಯುವವರ ಮೇಲೆ ತಪ್ಪು ಹೊರಿಸುವ ಧಾಟಿ ಮಾತ್ರ ಬೇಡ, ಅದು ಜೀವಶಾಸ್ತ್ರದ ಪಾಠವಲ್ಲ.

ಪ್ರಶ್ನೆ: ಪರೀಕ್ಷೆಗೆ ಬಾಯಿಪಾಠದಿಂದ ಬರೆಯಲಾಗದ ಐದು ಅಂಕದ ಪ್ರಶ್ನೆ ಒಂದು ಕೊಡಿ ಸರ್.

ಪ್ರಾಧ್ಯಾಪಕರು: ‘1951ರಲ್ಲಿ ಗರ್ಭಕಂಠದ ಕ್ಯಾನ್ಸರಿನಿಂದ ಬೆಳೆಸಿದ ಹೀಲಾ ಕೋಶಗಳಲ್ಲಿ ಎಚ್‌ಪಿವಿ 18 ವೈರಸ್ಸಿನ ಡಿಎನ್‌ಎ ಇದೆ. ಪಿ53 ಮತ್ತು ಆರ್‌ಬಿ ಜೀನ್‌ಗಳ ಕ್ರಮ ಮಾತ್ರ ಮಾಮೂಲಿಯಾಗಿದೆ. ಆದರೂ ಈ ಕೋಶಗಳು ನಿಲ್ಲುವುದಿಲ್ಲ, ಏಕೆ? ವೈರಸ್ಸಿನ ಇ6, ಇ7 ಜೀನ್‌ಗಳನ್ನು ಮುಚ್ಚಿಸಿದರೆ ಏನಾಗಬಹುದು?’

ಇ6 ಪಿ53ಗೆ ಯುಬಿಕ್ವಿಟಿನ್ (ಒಡೆಯಬೇಕೆಂಬ ಗುರುತು) ಹಚ್ಚಿಸಿ ಒಡೆಸುತ್ತದೆ ಎಂದು ಬರೆದರೆ 2, ಇ7 ಆರ್‌ಬಿಯನ್ನು ಹಿಡಿದು ಇ2ಎಫ್ ಬಿಡಿಸುತ್ತದೆ ಎಂದು ಬರೆದರೆ 2, ಮುಚ್ಚಿಸಿದರೆ ತಡೆಗಳು ಮರಳಿ ಬಂದು ಬೆಳವಣಿಗೆ ನಿಲ್ಲುತ್ತದೆ ಎಂಬುದಕ್ಕೆ 1. ‘ಪಿ53 ಮ್ಯುಟೇಶನ್ ಆಗಿದೆ’ ಎಂದು ಬರೆದವರಿಗೆ ಮೊದಲ 2 ಅಂಕ ಕೊಡಬೇಡಿ. ಜೀನು ಸರಿಯಿದೆ ಎಂದು ಪ್ರಶ್ನೆಯಲ್ಲೇ ಕೊಟ್ಟಿದೆ.