ಕಿಸೋ ಯೋಶಿನಾಕಾ ಸಮಾಧಿ: ಓತ್ಸುಗೆ ಹೋಗೋದು ಹೇಗೆ?

ಪ್ರಶ್ನೆ: ಕ್ಯೋಟೋದಲ್ಲಿ ಅರ್ಧ ದಿನ ಬಿಡುವಿದೆ. 1184ರ ಅವಾಝು ಕದನದಲ್ಲಿ ಮಡಿದ ಸಮುರಾಯ್ ಕಿಸೋ ಯೋಶಿನಾಕಾನ ಸಮಾಧಿ ನೋಡಬೇಕು. ಮ್ಯಾಪ್ ಮೂರು ಜಾಗ ತೋರಿಸ್ತಿದೆ. ಯಾವುದಕ್ಕೆ ಹೋಗಲಿ? ಅಮ್ಮ ಜೊತೆಗಿರ್ತಾರೆ, ಜಾಸ್ತಿ ನಡೆಯೋಕಾಗಲ್ಲ.

ಉತ್ತರ: ಮೂರಕ್ಕೂ ಅವನ ನಂಟಿದೆ. ಕ್ಯೋಟೋದ ಯಾಸಾಕಾ ಗೋಪುರದ ಹತ್ತಿರದ್ದು ರುಂಡ ಹೂತ ಜಾಗ ಅನ್ನೋ ನಂಬಿಕೆ. ನಾಗಾನೋ ಪ್ರಾಂತ್ಯದ ತೊಕುಒನ್-ಜಿ (‘ಜಿ’ ಅಂದರೆ ಬೌದ್ಧ ದೇವಸ್ಥಾನ) ಅವನು ಬೆಳೆದ ಸೀಮೆಯದು, ಅರ್ಧ ದಿನಕ್ಕೆ ಆಗುವ ದೂರವಲ್ಲ. ನಿಮಗೆ ಬೇಕಾದ್ದು ಕ್ಯೋಟೋ ಪಕ್ಕದ ಊರು ಓತ್ಸುವಿನ ಗಿಚೂ-ಜಿ. ಅವಾಝು ಇರೋದೂ ಅದೇ ಊರಲ್ಲಿ. ದಾರಿ ಕೇಳುವಾಗ ‘ಯೋಶಿನಾಕಾ ದೇವಸ್ಥಾನ’ ಅಂದರೆ ಯಾರಿಗೂ ಹೊಳೆಯಲ್ಲ. ‘ಯೋಶಿನಾಕಾ’, ‘ಗಿಚೂ’ ಎರಡಕ್ಕೂ ಬರೆಯುವ ಅಕ್ಷರ ಒಂದೇ, ದೇವಸ್ಥಾನದ ಹೆಸರಲ್ಲಿ ಮಾತ್ರ ಅದನ್ನು ‘ಗಿಚೂ’ ಅಂತ ಓದ್ತಾರೆ.

ಉತ್ತರ: ರೈಲಿನಲ್ಲೇ ಎಡವೋದು ಹೆಚ್ಚು. ಕ್ಯೋಟೋದಿಂದ ಜೆಆರ್ ಬಿವಾಕೋ ಲೈನ್ ಹಿಡೀರಿ; ಯಾಮಾಶಿನಾ, ಓತ್ಸು, ಆಮೇಲೆ ಝೆಝೆ, ಅಲ್ಲಿ ಇಳೀರಿ. ಹದಿನೈದು ನಿಮಿಷದೊಳಗಿನ ದಾರಿ. ಶಿನ್‌ಕೈಸೊಕು ಅನ್ನೋ ವೇಗದ ಗಾಡಿ ಝೆಝೆಯಲ್ಲಿ ನಿಲ್ಲಲ್ಲ. ಹತ್ತಿದ್ದರೆ ಓತ್ಸುವಿನಲ್ಲಿ ಇಳಿದು ನಿಧಾನದ ಗಾಡಿಗೆ ಬದಲಿಸಿ. ಕೊಸೈ ಲೈನ್ ಗಾಡಿ ಯಾಮಾಶಿನಾ ಆದಮೇಲೆ ಬೇರೆ ದಿಕ್ಕಿಗೆ ಹೊರಳಿ ‘ಓತ್ಸುಕ್ಯೋ’ಗೆ ಹೋಗುತ್ತೆ. ಹೆಸರು ನೋಡಿ ಅಲ್ಲಿ ಇಳಿದರೆ ಕೆಟ್ಟಿರಿ. ಝೆಝೆಯಿಂದ ಹತ್ತು ನಿಮಿಷದ ನಡಿಗೆ. ಬಿವಾ ಸರೋವರದ ಕಡೆಗೆ ಇಳಿಜಾರು, ಅಂದರೆ ವಾಪಸ್ ಬರುವಾಗ ಏರು. ಅಮ್ಮನಿಗೆ ಆಗ ಟ್ಯಾಕ್ಸಿ ಮಾಡಿ.

ಉತ್ತರ: ಸೋಮವಾರ ಮುಚ್ಚಿರುತ್ತೆ. ಚಳಿಗಾಲದಲ್ಲಿ ಬೇಗ ಬಾಗಿಲು ಹಾಕ್ತಾರೆ, ಬೆಳಿಗ್ಗೆಯೇ ಹೋಗಿ. ಪ್ರವೇಶ ಶುಲ್ಕಕ್ಕೆ 100 ಯೆನ್ ನಾಣ್ಯ ನಾಲ್ಕೈದು ಇಟ್ಟುಕೊಳ್ಳಿ, ಕಾರ್ಡ್ ನಂಬಬೇಡಿ. ಬೀದಿ ಹಳೇ ತೊಕೈದೋ ಹೆದ್ದಾರಿಯದೇ, ಆದರೆ ಈಗ ಮನೆಗಳ ನಡುವಿನ ಕಿರಿದಾದ ರಸ್ತೆ. ಗೊತ್ತಾಗದೆ ಬಾಗಿಲು ದಾಟಿ ಮುಂದೆ ಹೋಗಿಬಿಡ್ತೀರಿ. ಒಂದು ಕಾಲಕ್ಕೆ ಸರೋವರದ ಅಲೆ ಹತ್ತಿರದಲ್ಲೇ ಇತ್ತು. ಸರೋವರದ ಅಂಚಿಗೆ ಮಣ್ಣು ತುಂಬಿಸಿ ನೆಲ ಮಾಡಿದ್ದರಿಂದ ಅಂಗಳದಿಂದ ನೀರು ಕಾಣಲ್ಲ.

ಉತ್ತರ: ಅಂಗಳ ಪುಟ್ಟದು, ಅಮ್ಮನಿಗೆ ತೊಂದರೆಯಿಲ್ಲ. ಯೋಶಿನಾಕಾನದು ಹಂತಹಂತವಾಗಿ ಕಲ್ಲು ಪೇರಿಸಿದ ಗೋಪುರ. ಪಕ್ಕದಲ್ಲೇ ಒರಟು ಕಲ್ಲೊಂದು ನಿಂತಿದೆ, ಹೆಚ್ಚುಕಡಿಮೆ ತ್ರಿಕೋನ. ಅದರ ಮೇಲೆ ‘ಹಿರಿಯ ಬಾಶೋ’ ಅನ್ನೋ ಅರ್ಥದ ಮೂರೇ ಅಕ್ಷರ. ಹೌದು, ಹೈಕು ಕವಿ ಬಾಶೋ. 1694ರಲ್ಲಿ ಒಸಾಕಾದಲ್ಲಿ ತೀರಿಕೊಂಡ ಮೇಲೆ ಅವನ ಇಚ್ಛೆಯಂತೆ ಶಿಷ್ಯರು ದೇಹವನ್ನು ದೋಣಿಯಲ್ಲಿ ಯೋಡೋ ನದಿ ಏರಿಸಿ ಇಲ್ಲಿಗೆ ತಂದರು. ಅವನ ಹೆಸರಿನ ಅರ್ಥ ಬಾಳೆಗಿಡ. ಆವರಣದಲ್ಲೂ ಒಂದು ಬೆಳೆಸಿದ್ದಾರೆ. ಚಳಿಗಾಲದಲ್ಲಿ ಎಲೆ ಒಣಗಿರುತ್ತೆ, ಹಸಿರು ಬೇಕಿದ್ದರೆ ಬೇಸಿಗೆಗೆ ಹೋಗಿ. ಯೋಶಿನಾಕಾನ ಜೊತೆ ಕಾದಾಡಿದ ವೀರವನಿತೆ ಟೊಮೊಎ ಗೊಝೆನ್ ಹೆಸರಿನ ಸಣ್ಣ ಕಲ್ಲೂ ಇದೆ, ಗಮನಿಸದಿದ್ದರೆ ತಪ್ಪಿಹೋಗುತ್ತೆ.

ಉತ್ತರ: ನಮ್ಮವರು ಗೇಟಲ್ಲೇ ಚಪ್ಪಲಿ ಬಿಡೋಕೆ ಹೋಗ್ತಾರೆ, ಬೇಡ. ಚಾಪೆ ಹಾಸಿದ ಮಂಟಪ ಹತ್ತುವಾಗ ಮಾತ್ರ ಬಿಡಿ. ಸಮಾಧಿ ಮುಂದೆ ಕೈ ಮುಗಿದು ತಲೆಬಾಗಿದರೆ ಸಾಕು. ಚಪ್ಪಾಳೆ ತಟ್ಟೋದು ಶಿಂಟೋ ಗುಡಿಯ ಪದ್ಧತಿ. ಕುಂಕುಮ, ಎಣ್ಣೆ ಹಚ್ಚಬೇಡಿ, ಹಳೇ ಕಲ್ಲು ಕಲೆ ಹೀರುತ್ತೆ.

ಉತ್ತರ: ಸಮಯ ಉಳಿದರೆ ಮುಂದಿನ ನಿಲ್ದಾಣ ಇಶಿಯಾಮಾದಲ್ಲಿ ಇಳೀರಿ. ಐದಾರು ನಿಮಿಷ ನಡೆದರೆ ಇಮಾಯ್ ಕಾನೆಹಿರಾನ ಸಮಾಧಿ. ಯೋಶಿನಾಕಾನ ಸಾಕುತಾಯಿಯ ಮಗ, ಕೊನೆಯವರೆಗೂ ಜೊತೆಗಿದ್ದವನು. ಒಡೆಯ ಕೆಸರುಗದ್ದೆಯಲ್ಲಿ ಕುದುರೆ ಹೂತು ಬಾಣಕ್ಕೆ ಸಿಕ್ಕ ಸುದ್ದಿ ಕೇಳಿ, ಕತ್ತಿ ಬಾಯಿಗಿಟ್ಟು ಕುದುರೆಯಿಂದ ಕೆಳಗೆ ಹಾರಿದ ಅಂತ ಕಥನ. ಶಿನ್‌ಕೈಸೊಕು ಇಲ್ಲಿ ನಿಲ್ಲುತ್ತೆ, ಕ್ಯೋಟೋಗೆ ನೇರ ವಾಪಸ್.